ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ

ಪ್ರಶ್ನೆ: ಕಾಪು ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ನೇಮೋತ್ಸವದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಬಿಲ್ ಬುಕ್ ಇತ್ಯಾದಿ ಕೆಲಸ. ಹಳೆಯ ಕಂಪ್ಯೂಟರ್ ಕೆಟ್ಟ ಮೇಲೆ ವಿಂಡೋಸ್ 11 ಇರುವ ಹೊಸತನ್ನು ತಂದೆ. ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಜತೆಗೆ 1 ಟಿಬಿ ಹಾರ್ಡ್‌ಡಿಸ್ಕ್ ಇದೆ. ಹಳೆಯ ಫಾಂಟ್ ತಂತ್ರಾಂಶ ಅದರಲ್ಲಿ ನಡೆಯದ ಕಾರಣ ಡಿ ಡ್ರೈವ್‌ನಲ್ಲಿ ವರ್ಚುವಲ್‌ಬಾಕ್ಸ್ ಮೂಲಕ ವಿಂಡೋಸ್ ಎಕ್ಸ್‌ಪಿ ಹಾಕಿಕೊಂಡು ಪೇಜ್‌ಮೇಕರ್ ಬಳಸುತ್ತಿದ್ದೇನೆ. ಮೊದಲು ಪರವಾಗಿರಲಿಲ್ಲ. ಕಾರ್ಕಳದಲ್ಲಿ ಎಂಜಿನಿಯರಿಂಗ್ ಓದುವ ಮಗ ಪ್ರಾಜೆಕ್ಟಿಗೆಂದು ಅದೇ ಕಂಪ್ಯೂಟರಿಗೆ ಡಾಕರ್, ಉಬುಂಟು ಎಲ್ಲ ಹಾಕಿದ್ದಾನೆ. ಈಗ ಎಕ್ಸ್‌ಪಿಯಲ್ಲಿ ಒಂದು ಪುಟ ತಿರುಗಿಸಲೂ ಕಾಯಬೇಕು. ಹೊರಗಿನ ವಾಟ್ಸಾಪ್ ಕೂಡ ತೆವಳುತ್ತದೆ. ಎಕ್ಸ್‌ಪಿಗೆ 4 ಜಿಬಿ ರ‍್ಯಾಮ್, ನಾಲ್ಕೂ ಕೋರ್ ಕೊಟ್ಟು ನೋಡಿದೆ, ಇನ್ನಷ್ಟು ನಿಧಾನವಾಯಿತು. ಮಣಿಪಾಲದಲ್ಲಿ ವಿಚಾರಿಸಿದರೆ ಹೊಸ ಕಂಪ್ಯೂಟರೇ ದಾರಿ ಎಂದರು. ಏನು ಮಾಡಲಿ?

— ಓದುಗರೊಬ್ಬರು, ಕಾಪು

ಉತ್ತರ: ಈಗಲೇ ಹೊಸತನ್ನು ಕೊಳ್ಳಬೇಡಿ. ನೀವು ಬರೆದಿರುವ ವಿವರದಲ್ಲೇ ಕಾಯಿಲೆಯ ಗುರುತುಗಳು ಸಾಕಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಖರ್ಚಿಲ್ಲದೆ ಸರಿಯಾಗುವಂಥವು. ನೀವು ಹೆಚ್ಚು ಕೊಟ್ಟಂತೆ ನಿಧಾನ ಹೆಚ್ಚಿತು ಎಂದಿರಲ್ಲ, ಅದೇ ಮುಖ್ಯ ಸುಳಿವು.

ವರ್ಚುವಲ್ ಮಷೀನ್ ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ಅದಕ್ಕೆ ಸ್ವಂತ ರ‍್ಯಾಮ್ ಇಲ್ಲ, ಸ್ವಂತ ಪ್ರೊಸೆಸರ್ ಇಲ್ಲ, ಸ್ವಂತ ಡಿಸ್ಕೂ ಇಲ್ಲ. ಎಲ್ಲವೂ ಹೊರಗಿನ ವಿಂಡೋಸ್ 11ರ ಪಾಲಿನಿಂದಲೇ ಬರಬೇಕು. ಒಂದೇ ಬಾವಿಯನ್ನು ನಂಬಿಕೊಂಡ ಎರಡು ಮನೆಗಳ ಹಾಗೆ: ಒಂದು ಮನೆಯ ಪಂಪು ದೊಡ್ಡದಾದರೆ ಬಾವಿಯ ನೀರು ಹೆಚ್ಚುವುದಿಲ್ಲ, ಇನ್ನೊಂದು ಮನೆಯ ನಳ್ಳಿ ಒಣಗುತ್ತದೆ. ಎಕ್ಸ್‌ಪಿಯ ಡಿಸ್ಕು, ಪರದೆ, ಮೌಸ್ ಎಲ್ಲವನ್ನೂ ನಡೆಸುವುದು ಹೊರಗಿನ ವಿಂಡೋಸ್. ಹೊರಗಿನದು ಸೊರಗಿದರೆ ಒಳಗಿನದು ಚುರುಕಾಗಿರಲು ಸಾಧ್ಯವೇ ಇಲ್ಲ.

ಈ ಉಪಾಯ ಹೊಸತೇನಲ್ಲ. ಐಬಿಎಂ ಕಂಪನಿಯವರು 1960ರ ದಶಕದಲ್ಲೇ ಒಂದು ದೊಡ್ಡ ಗಣಕವನ್ನು ಹಲವು ಗಣಕಗಳಾಗಿ ತೋರಿಸುವ ವ್ಯವಸ್ಥೆ ಮಾಡಿದ್ದರು. 1972ರಲ್ಲಿ ವಿಎಂ/370 ಹೆಸರಿನಲ್ಲಿ ಅದನ್ನು ಗ್ರಾಹಕರಿಗೂ ಕೊಟ್ಟರು. ಮೇಜಿನ ಮೇಲಿನ ಕಂಪ್ಯೂಟರಿಗೆ ಇದನ್ನು ತಂದದ್ದು 1999ರ ವಿಎಂವೇರ್ ವರ್ಕ್‌ಸ್ಟೇಷನ್. ನೀವು ಬಳಸುವ ವರ್ಚುವಲ್‌ಬಾಕ್ಸ್ 2007ರಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಇದರಲ್ಲಿ ಬದಲಾಗದ ನಿಯಮ ಒಂದೇ: ಇರುವುದನ್ನು ಹಂಚಿಕೊಳ್ಳಬೇಕು.

ಮೊದಲು ಲೆಕ್ಕ

ನಿಮ್ಮ ಕಂಪ್ಯೂಟರ್‌ನ 8 ಜಿಬಿಯನ್ನು ಹಂಚಿ ನೋಡೋಣ. ವಿಂಡೋಸ್ 11 ಸುಮ್ಮನೆ ಕುಳಿತಿರುವಾಗಲೇ ಸುಮಾರು 3 ಜಿಬಿ ಹಿಡಿದಿರುತ್ತದೆ. ಗಿರಾಕಿಗಳು ಮ್ಯಾಟರ್ ಕಳಿಸುವುದು ವಾಟ್ಸಾಪ್‌ನಲ್ಲಿ. ಬ್ರೌಸರ್ ಮತ್ತು ವಾಟ್ಸಾಪ್‌ಗೆ ಇನ್ನೊಂದು ಜಿಬಿ ಇಡಿ. ಎಕ್ಸ್‌ಪಿಗೆ ನೀವು 4 ಜಿಬಿ ಬರೆದುಕೊಟ್ಟಿದ್ದೀರಿ. ಇಲ್ಲಿಗೇ 8 ಮುಗಿಯಿತು. ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಗಳಲ್ಲಿಟ್ಟು ಓಡಿಸುವ ಮಗನ ಡಾಕರ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಡಬ್ಲ್ಯುಎಸ್‌ಎಲ್ 2 ಎಂಬ ಮೈಕ್ರೋಸಾಫ್ಟ್‌ನದೇ ವರ್ಚುವಲ್ ಮಷೀನ್ ಒಳಗೆ ಓಡುತ್ತದೆ. ಮಿತಿ ಹಾಕದಿದ್ದರೆ ಅದು ಒಟ್ಟು ರ‍್ಯಾಮಿನ ಅರ್ಧದವರೆಗೆ, ಅಂದರೆ ನಿಮ್ಮಲ್ಲಿ ಇನ್ನೊಂದು 4 ಜಿಬಿಯವರೆಗೆ, ಬೆಳೆಯಬಲ್ಲದು. 8 ಜಿಬಿಯ ಮೇಲೆ 12 ಜಿಬಿಯ ಬೇಡಿಕೆ ಬಂತು.

ರ‍್ಯಾಮ್ ಸಾಲದಾದಾಗ ವಿಂಡೋಸ್ ಕೆಲಸ ನಿಲ್ಲಿಸುವುದಿಲ್ಲ. ಸದ್ಯಕ್ಕೆ ಬೇಡವೆನಿಸಿದ ಪುಟಗಳನ್ನು ಡಿಸ್ಕಿನ ಪೇಜ್‌ಫೈಲ್‌ಗೆ ಬರೆದಿಟ್ಟು, ಬೇಕಾದಾಗ ಮತ್ತೆ ತರುತ್ತದೆ. ರ‍್ಯಾಮ್‌ನಿಂದ ಒಂದು ತುಣುಕನ್ನು ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಎಸ್‌ಎಸ್‌ಡಿಯಿಂದಾದರೆ ಸುಮಾರು ಸಾವಿರ ಪಟ್ಟು ಹೊತ್ತು. ತಿರುಗುವ ಹಾರ್ಡ್‌ಡಿಸ್ಕ್‌ನಿಂದಾದರೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಲಕ್ಷ ಪಟ್ಟು. ನೀವು ಪುಟ ತಿರುಗಿಸಿ ಕಾಯುವ ಆ ಹೊತ್ತು ಹೆಚ್ಚಾಗಿ ಹೋಗುವುದು ಈ ಓಡಾಟದಲ್ಲಿ.

ಆದರೆ ಇದು ನನ್ನ ಊಹೆಯ ಲೆಕ್ಕ. ನಿಮ್ಮ ಕಂಪ್ಯೂಟರ್ ತಾನೇ ನಿಜವಾದ ಲೆಕ್ಕ ಕೊಡುತ್ತದೆ. ಎಕ್ಸ್‌ಪಿ ಓಡುತ್ತಾ ತೆವಳುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ನಾಲ್ಕು ಸಂಗತಿಗಳನ್ನು ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೆಮರಿಯಲ್ಲಿ ಅವೈಲಬಲ್ ಎಂಬಲ್ಲಿ ಎಷ್ಟಿದೆ? ಡಿಸ್ಕ್ 0 ಮತ್ತು ಡಿಸ್ಕ್ 1ರ ಆಕ್ಟಿವ್ ಟೈಮ್ ಶೇಕಡ 100ಕ್ಕೆ ಅಂಟಿಕೊಂಡಿದೆಯೇ? ಸಿಪಿಯು ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ, ಅದರ ಬೇಸ್ ಸ್ಪೀಡ್ ಎಷ್ಟು? ವರ್ಚುವಲೈಸೇಶನ್ ಎಂಬಲ್ಲಿ ಎನೇಬಲ್ಡ್ ಎಂದಿದೆಯೇ? ಆಮೇಲೆ ಪ್ರೊಸೆಸಸ್ ಪಟ್ಟಿಯನ್ನು ಮೆಮರಿಯ ಪ್ರಕಾರ ಜೋಡಿಸಿ; ವಿಎಂಮೆಮ್ ಎಂದು ಆರಂಭವಾಗುವ ಹೆಸರು ಮೇಲಿದ್ದರೆ ಮಗನ ಡಾಕರ್ ಎಷ್ಟು ನುಂಗುತ್ತಿದೆಯೆಂದು ಗೊತ್ತಾಗುತ್ತದೆ.

ಈ ಚೀಟಿ ಇಲ್ಲದೆ ಯಾರು ಕೊಡುವ ಸಲಹೆಯೂ, ನನ್ನದೂ ಸೇರಿ, ಅರ್ಧಂಬರ್ಧವೇ. ಅವೈಲಬಲ್ ಕೆಲವೇ ನೂರು ಎಂಬಿಗೆ ಇಳಿದಿದ್ದರೆ ಕೊರತೆ ರ‍್ಯಾಮಿನದು. ರ‍್ಯಾಮ್ ಸಾಕಷ್ಟಿದ್ದೂ ಹಾರ್ಡ್‌ಡಿಸ್ಕ್ 100ರಲ್ಲಿ ನಿಂತಿದ್ದರೆ ಕೊರತೆ ಡಿಸ್ಕಿನದು. ಎರಡೂ ಚೆನ್ನಾಗಿದ್ದು ವೇಗ ಮಾತ್ರ ಬೇಸ್ ಸ್ಪೀಡ್‌ಗಿಂತ ತೀರಾ ಕೆಳಗಿದ್ದರೆ ಬಿಸಿಯದ್ದೋ ವಿದ್ಯುತ್ತಿನದ್ದೋ ತೊಂದರೆ. ವರ್ಚುವಲೈಸೇಶನ್ ಡಿಸೇಬಲ್ಡ್ ಎಂದಿದ್ದರೆ ಕಂಪ್ಯೂಟರ್ ಆರಂಭವಾಗುವಾಗ ಬಯಾಸ್‌ಗೆ ಹೋಗಿ, ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬುದನ್ನು ಆನ್ ಮಾಡಬೇಕು. 2005-06ರ ಸುಮಾರಿಗೆ ಪ್ರೊಸೆಸರ್‌ಗಳಲ್ಲಿ ಬಂದ ಈ ಸೌಲಭ್ಯವಿಲ್ಲದೆ 6.1ರಿಂದೀಚಿನ ವರ್ಚುವಲ್‌ಬಾಕ್ಸ್ ಓಡುವುದೇ ಇಲ್ಲ. ಆದ್ದರಿಂದ ನಿಮ್ಮಲ್ಲಿ ಅದು ಆನ್ ಆಗಿಯೇ ಇರಬೇಕು.

ಕೊಟ್ಟದ್ದನ್ನು ಹಿಂದಕ್ಕೆ ಪಡೆಯಿರಿ

ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡಿ, ವರ್ಚುವಲ್‌ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಭಾಗಕ್ಕೆ ಹೋಗಿ, ಬೇಸ್ ಮೆಮರಿಯನ್ನು 1024 ಎಂಬಿಗೆ ಇಳಿಸಿ. ಎಕ್ಸ್‌ಪಿ 2001ರ ವ್ಯವಸ್ಥೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಕೂಡ ಅದೇ ವರ್ಷದ್ದು. ಆ ಕಾಲದಲ್ಲಿ 256 ಎಂಬಿ ರ‍್ಯಾಮ್ ಇದ್ದ ಕಂಪ್ಯೂಟರಿನಲ್ಲಿ ಇದೇ ಕೆಲಸ ನಡೆಯುತ್ತಿತ್ತು. ಇವತ್ತಿಗೂ ಎಕ್ಸ್‌ಪಿ ಮತ್ತು ಪೇಜ್‌ಮೇಕರ್‌ಗೆ 1 ಜಿಬಿ ಧಾರಾಳವಾಯಿತು. ಮಿಕ್ಕ 3 ಜಿಬಿಯನ್ನು ಅದು ಉಪಯೋಗಿಸುವುದೂ ಇಲ್ಲ, ವಿಂಡೋಸ್ 11ಕ್ಕೆ ಬಿಟ್ಟುಕೊಡುವುದೂ ಇಲ್ಲ.

ಕೋರ್‌ಗಳದ್ದೂ ಹಾಗೆಯೇ. ನಾಲ್ಕಿರುವಲ್ಲಿ ನಾಲ್ಕನ್ನೂ ಒಳಗಿನ ಯಂತ್ರಕ್ಕೆ ಕೊಟ್ಟರೆ, ಅದರ ಡಿಸ್ಕು ಮತ್ತು ಪರದೆಯನ್ನು ನಡೆಸಬೇಕಾದ ಹೊರಗಿನ ವಿಂಡೋಸ್ ಅದರೊಂದಿಗೇ ಸರದಿಗೆ ನಿಲ್ಲಬೇಕಾಗುತ್ತದೆ. ಒಬ್ಬರಿಗೊಬ್ಬರು ಕಾಯುತ್ತಾ ಎರಡೂ ಹಿಂದೆ ಬೀಳುತ್ತವೆ. ಒಂದೇ ಕೋರ್ ಇದ್ದಾಗ ಇನ್‌ಸ್ಟಾಲ್ ಮಾಡಿದ ಎಕ್ಸ್‌ಪಿ, ಆಮೇಲೆ ಕೊಟ್ಟ ಕೋರ್‌ಗಳನ್ನು ತಾನಾಗಿ ಬಳಸಿಕೊಳ್ಳುವುದೂ ಇಲ್ಲ. ಪ್ರೊಸೆಸರ್ ಸಂಖ್ಯೆಯನ್ನು 1ಕ್ಕೆ ಇಳಿಸಿ. ಬೇರೆ ಯಾವ ವರ್ಚುವಲ್ ಮಷೀನ್ ಆದರೂ ಇರುವ ಕೋರ್‌ಗಳ ಅರ್ಧವನ್ನು ದಾಟಿಸಬೇಡಿ.

ಹಸಿರು ಆಮೆಯನ್ನು ಹುಡುಕಿ

"ಮೊದಲು ಪರವಾಗಿರಲಿಲ್ಲ, ಮಗ ಡಾಕರ್ ಹಾಕಿದ ಮೇಲೆ ನಿಧಾನ" ಎಂಬ ನಿಮ್ಮ ಮಾತಿಗೆ ರ‍್ಯಾಮ್ ಅಲ್ಲದೆ ಇನ್ನೊಂದು ಕಾರಣವೂ ಇರಬಹುದು. ಎಕ್ಸ್‌ಪಿ ಓಡುತ್ತಿರುವಾಗ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಬಲತುದಿಯ ಚಿಕ್ಕ ಚಿಹ್ನೆಗಳನ್ನು ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರವಿದ್ದರೆ, ವರ್ಚುವಲ್‌ಬಾಕ್ಸ್ ಪ್ರೊಸೆಸರ್‌ನ ಸೌಲಭ್ಯವನ್ನು ನೇರವಾಗಿ ಬಳಸುತ್ತಿಲ್ಲ ಎಂದರ್ಥ. ತಯಾರಿಸಿದವರೇ ಇಟ್ಟ ಗುರುತು ಅದು.

ನಡೆಯುವುದು ಹೀಗೆ. ಡಾಕರ್‌ಗೆ ಬೇಕಾದ ಡಬ್ಲ್ಯುಎಸ್‌ಎಲ್ 2 ಹಾಕುವಾಗ ವಿಂಡೋಸ್‌ನ ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಎಂಬ ಭಾಗ ಆನ್ ಆಗುತ್ತದೆ. ಆಗ ಮೈಕ್ರೋಸಾಫ್ಟ್‌ನ ಹೈಪರ್-ವಿ ಎಲ್ಲಕ್ಕಿಂತ ಕೆಳಗೆ ಕುಳಿತು ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯವನ್ನು ತನ್ನ ಸುಪರ್ದಿಗೆ ತೆಗೆದುಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್ ತನ್ನ ಪ್ರತಿ ಕೋರಿಕೆಯನ್ನೂ ಅದರ ಮೂಲಕ ಕಳಿಸಬೇಕಾಗುತ್ತದೆ. ಹಳೆಯ ಎಕ್ಸ್‌ಪಿಯಂಥ ವ್ಯವಸ್ಥೆಗಳಿಗೆ ಈ ಸುತ್ತುದಾರಿ ದುಬಾರಿ.

ಸ್ಟಾರ್ಟ್ ಹುಡುಕಾಟದಲ್ಲಿ "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್" ತೆರೆದು ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಇವುಗಳ ಗುರುತು ತೆಗೆದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಆಮೆ ಹೋಗಿ ವಿ ಅಕ್ಷರವಿರುವ ಚಿಪ್ಪಿನ ಚಿತ್ರ ಬಂದರೆ ಕೆಲಸ ಮುಗಿಯಿತು. ಆಮೆ ಹೋಗದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಒಳಗಿನ ಮೆಮರಿ ಇಂಟೆಗ್ರಿಟಿಯೂ ಆನ್ ಆಗಿರಬೇಕು. ಹೊಸ ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಅದು ಸಾಮಾನ್ಯ. ಅದೊಂದು ರಕ್ಷಣೆಯ ಗೋಡೆ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತೀರಾದರೆ ಅದನ್ನು ಕೆಡವುವ ಮೊದಲು ಉಳಿದ ಉಪಾಯಗಳನ್ನೆಲ್ಲ ಮಾಡಿ ನೋಡಿ. ವೇಗ ಸಾಕೆನಿಸಿದರೆ ಹಾಗೇ ಬಿಡಿ.

ಮಗನ ಓದೂ ನಿಲ್ಲಬಾರದು. ಅವನಿಗೆ ಹೀಗೆ ಹೇಳಿ: ವಿಂಡೋಸ್ ಮೇಲಿನ ಡಾಕರ್ ತೆಗೆದು, ವರ್ಚುವಲ್‌ಬಾಕ್ಸ್‌ನ ಉಬುಂಟು ಒಳಗೇ ಡಾಕರ್ ಹಾಕಿಕೊಳ್ಳಲಿ. ಉಬುಂಟುವಿನಂಥ ಲಿನಕ್ಸ್‌ನಲ್ಲಿ ಡಾಕರ್‌ಗೆ ಬೇರೆ ವರ್ಚುವಲ್ ಮಷೀನ್ ಬೇಕಿಲ್ಲ. ಕಿಟಕಿ, ಐಕಾನ್‌ಗಳಿರುವ ಉಬುಂಟು ಡೆಸ್ಕ್‌ಟಾಪ್‌ಗೆ 4 ಜಿಬಿಯಾದರೂ ಬೇಕು. ಡೆಸ್ಕ್‌ಟಾಪ್ ಇಲ್ಲದ ಉಬುಂಟು ಸರ್ವರ್‌ನಲ್ಲಿ 2 ಜಿಬಿಗೆ ವಿದ್ಯಾರ್ಥಿಯ ಪ್ರಾಜೆಕ್ಟ್ ಸಾಮಾನ್ಯವಾಗಿ ನಡೆಯುತ್ತದೆ. ಸರ್ವರ್‌ಗಳನ್ನು ನಡೆಸುವವರು ಕೆಲಸ ಮಾಡುವ ರೀತಿಯೂ ಅದೇ ಆದ್ದರಿಂದ ಅವನ ಕಲಿಕೆಗೆ ಅದರಿಂದ ಲಾಭವೇ. ಅಂಗಡಿ ನಡೆಯುವ ಹೊತ್ತಿನಲ್ಲಿ ಎಕ್ಸ್‌ಪಿ, ಬಾಗಿಲು ಹಾಕಿದ ಮೇಲೆ ಉಬುಂಟು ಎಂದು ಗೊತ್ತುಮಾಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಓಡಿಸಬೇಡಿ.

ಡಿ ಡ್ರೈವ್‌ನಿಂದ ಸ್ಥಳಾಂತರ

ಸಿ ಡ್ರೈವ್ ತುಂಬಬಾರದೆಂದು ದೊಡ್ಡ ಕಡತಗಳನ್ನೆಲ್ಲ ಡಿ ಡ್ರೈವ್‌ಗೆ ಹಾಕುವುದು ನಮ್ಮ ಅಂಗಡಿ, ಕಚೇರಿಗಳಲ್ಲಿ ರೂಢಿ. ಫೋಟೋ, ಹಳೆಯ ಜಾಬ್‌ಗಳಿಗೆ ಅದು ಸರಿ. ವರ್ಚುವಲ್ ಮಷೀನ್‌ಗೆ ಸರಿಯಲ್ಲ. ನಿಮ್ಮ ಎಕ್ಸ್‌ಪಿಯ ಇಡೀ ಡಿಸ್ಕ್ ಹೊರಗಿನಿಂದ ನೋಡಿದರೆ ವಿಡಿಐ ಎಂಬ ಒಂದೇ ದೊಡ್ಡ ಕಡತ. ಅದರ ಮೂಲೆಮೂಲೆಯಿಂದ ಚೂರುಚೂರಾಗಿ ಓದುವುದು, ಬರೆಯುವುದು ನಡೆದೇ ಇರುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಇಂಥ ಚದುರಿದ ಕೋರಿಕೆಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಪೂರೈಸಬಲ್ಲದು. ಎಸ್‌ಎಸ್‌ಡಿಗಾದರೆ ಸಾವಿರಗಟ್ಟಲೆ ಸಲೀಸು.

ಎಕ್ಸ್‌ಪಿ ಮತ್ತು ಪೇಜ್‌ಮೇಕರ್ ಸೇರಿ 15-20 ಜಿಬಿ ಮೀರುವುದು ಕಡಿಮೆ. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ಅಷ್ಟು ಜಾಗ ಮಾಡಿಕೊಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಆ ಮಷೀನ್ ಹೆಸರಿನ ಮೇಲೆ ಬಲಗುಂಡಿ ಒತ್ತಿ ಮೂವ್ ಆಯ್ದು ಸಿ ಡ್ರೈವ್‌ನ ಫೋಲ್ಡರ್ ತೋರಿಸಿದರೆ ಅದೇ ಸಾಗಿಸುತ್ತದೆ. ಅದಕ್ಕೆ ಮೊದಲು ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ ಆ ಫೋಲ್ಡರ್‌ನ ಒಂದು ನಕಲನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ತೆಗೆದಿಡಿ. ಈ ನಕಲನ್ನು ಮರೆಯದಿರಿ. ನಿಮ್ಮ ಇಷ್ಟು ವರ್ಷದ ಕೆಲಸವೆಲ್ಲ ಆ ಒಂದೇ ಕಡತದೊಳಗಿದೆ.

ಡಿಸ್ಕ್‌ನ ವಿಷಯದಲ್ಲಿ ಇನ್ನೂ ಮೂರು ಮಾತು. ಒಂದು, ಸ್ನ್ಯಾಪ್‌ಶಾಟ್. ಪ್ರತಿ ಮದುವೆ, ನೇಮದ ಸೀಸನ್‌ಗೆ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡುವ ಅಭ್ಯಾಸವಿದ್ದರೆ, ಪ್ರತಿಯೊಂದೂ ಒಂದು ಹೊಸ ಪದರವಾಗಿ ಕೂರುತ್ತದೆ. ಒಂದು ಅಕ್ಷರ ಓದಲೂ ಪದರ ಪದರ ಹುಡುಕಬೇಕಾಗುತ್ತದೆ. ಬೇಡದವನ್ನು ವರ್ಚುವಲ್‌ಬಾಕ್ಸ್ ಒಳಗಿನಿಂದಲೇ ಡಿಲೀಟ್ ಮಾಡಿ. ಆಗ ಅವು ಒಂದರೊಳಗೊಂದು ವಿಲೀನವಾಗುತ್ತವೆ; ಅದಕ್ಕೆ ಹೊತ್ತೂ ಬೇಕು, ಖಾಲಿ ಜಾಗವೂ ಬೇಕು. ಫೋಲ್ಡರ್‌ಗೆ ಹೋಗಿ ಕಡತವನ್ನೇ ಅಳಿಸಿದರೆ ಎಕ್ಸ್‌ಪಿ ಎದ್ದೇಳುವುದಿಲ್ಲ. ಎರಡು, ಆಂಟಿವೈರಸ್. ವಿಂಡೋಸ್ ಡಿಫೆಂಡರ್‌ನ ಎಕ್ಸ್‌ಕ್ಲೂಶನ್ಸ್‌ನಲ್ಲಿ ಆ ಮಷೀನ್‌ನ ಫೋಲ್ಡರ್ ಸೇರಿಸಿದರೆ, ಕ್ಷಣಕ್ಷಣಕ್ಕೂ ಬದಲಾಗುವ ದೊಡ್ಡ ಕಡತವನ್ನು ಅದು ಮತ್ತೆ ಮತ್ತೆ ತಡಕುವುದು ತಪ್ಪುತ್ತದೆ. ಮೂರು, ಒನ್‌ಡ್ರೈವ್. ಸ್ಥಳಾಂತರ ಮಾಡುವಾಗ ಡಾಕ್ಯುಮೆಂಟ್ಸ್ ಅಥವಾ ಡೆಸ್ಕ್‌ಟಾಪ್ ಫೋಲ್ಡರ್‌ಗೆ ಹಾಕಬೇಡಿ. ಅವು ಒನ್‌ಡ್ರೈವ್‌ಗೆ ಜೋಡಣೆಯಾಗಿದ್ದರೆ ನೀವು ಒಂದು ಸಾಲು ತಿದ್ದಿದರೂ ಒನ್‌ಡ್ರೈವ್ ಮತ್ತೆ ಅಪ್‌ಲೋಡ್ ಮಾಡಲು ಹೊರಡುತ್ತದೆ.

ಎಕ್ಸ್‌ಪಿಯ ಒಳಗೆ

ಇಷ್ಟಾದ ಮೇಲೂ ಮೌಸ್ ಎಳೆದಾಟ, ಪುಟ ಸರಿಸಿದಾಗ ಪರದೆ ಮೆಲ್ಲನೆ ತುಂಬುವುದು ಕಂಡರೆ ಗೆಸ್ಟ್ ಅಡಿಶನ್ಸ್ ಹಾಕಿದ್ದೀರಾ ನೋಡಿ. ಪರದೆ, ಮೌಸ್, ಹಂಚಿಕೆಯ ಫೋಲ್ಡರ್‌ಗಳಿಗೆ ವರ್ಚುವಲ್‌ಬಾಕ್ಸ್‌ನದೇ ಡ್ರೈವರ್‌ಗಳು ಅದರಲ್ಲಿವೆ. ಇಲ್ಲದಿದ್ದರೆ ಪ್ರತಿ ಗೆರೆಯನ್ನೂ ಪ್ರೊಸೆಸರ್ ತಾನೇ ಬಿಡಿಸಬೇಕು. ಡಿಸ್‌ಪ್ಲೇ ಸೆಟ್ಟಿಂಗ್‌ನ ವಿಡಿಯೋ ಮೆಮರಿ ತೀರಾ ಕಡಿಮೆಯಿದ್ದರೆ 64 ಎಂಬಿಗೆ ಏರಿಸಿ. ವರ್ಚುವಲ್‌ಬಾಕ್ಸ್ ಜತೆ ಸಿಗುವ ಎಕ್ಸ್‌ಟೆನ್ಶನ್ ಪ್ಯಾಕ್ ನಿಮಗೆ ಬೇಕಿಲ್ಲ. ಅಂಗಡಿಯ ವ್ಯವಹಾರಕ್ಕೆ ಅದು ಉಚಿತವೂ ಅಲ್ಲ.

ಫೋಟೋಗಳ ವಿಷಯದಲ್ಲಿ ಸ್ವಲ್ಪ ಶಿಸ್ತು ಬೇಕು. ಬ್ರಹ್ಮಕಲಶೋತ್ಸವದ ಆಮಂತ್ರಣವೆಂದರೆ ದೇವಸ್ಥಾನದ ಚಿತ್ರ, ಸಮಿತಿಯವರ ಫೋಟೋ, ಜಾಹೀರಾತುಗಳು ಸೇರಿ ಒಂದು ಪುಸ್ತಕವೇ ಆಗುತ್ತದೆ. ಚಿತ್ರಗಳನ್ನು ಹೊರಗಿನ ಹಂಚಿಕೆಯ ಫೋಲ್ಡರ್‌ನಲ್ಲಿ ಇಟ್ಟು ಪೇಜ್‌ಮೇಕರ್‌ನಿಂದ ಲಿಂಕ್ ಮಾಡಿದರೆ ಪುಟ ತೆರೆದಾಗಲೆಲ್ಲ ಅವು ಎರಡು ವ್ಯವಸ್ಥೆಗಳ ನಡುವೆ ಹಾದು ಬರಬೇಕು. ವಿಂಡೋಸ್ 11ರಲ್ಲೇ ಚಿತ್ರವನ್ನು ಅಚ್ಚಿಗೆ ಬೇಕಾದ ಅಳತೆಗೆ, 300 ಡಿಪಿಐಗೆ ಇಳಿಸಿ, ಎಕ್ಸ್‌ಪಿಯ ಒಳಗಿನ ಡಿಸ್ಕ್‌ಗೆ ನಕಲು ಮಾಡಿ ಬಳಸಿ. ಪ್ರಿಂಟ್ ಕೂಡ ಎಕ್ಸ್‌ಪಿಯಿಂದ ನೇರ ಕೊಡದೆ ಪಿಡಿಎಫ್ ಮಾಡಿ ಹೊರಗಿನಿಂದ ಕೊಟ್ಟರೆ ಹಳೆಯ ಪ್ರಿಂಟರ್ ಡ್ರೈವರ್‌ಗಳ ಕಾಟ ತಪ್ಪುತ್ತದೆ.

ಎಕ್ಸ್‌ಪಿಯ ನೆಟ್‌ವರ್ಕ್ ಅಡಾಪ್ಟರ್ ತೆಗೆದುಬಿಡಿ. 2014ರ ಏಪ್ರಿಲ್ 8ರಿಂದ ಎಕ್ಸ್‌ಪಿಗೆ ಭದ್ರತಾ ತಿದ್ದುಪಡಿಗಳ ಕ್ರಮವಾದ ಪೂರೈಕೆ ನಿಂತಿದೆ. ಇಂಟರ್ನೆಟ್‌ಗೆ ಅದನ್ನು ತೆರೆದಿಡುವುದು ಅಪಾಯ. ಹೊರಗಿನ ಸಂಪರ್ಕವೇ ಇಲ್ಲದಿದ್ದರೆ ಒಳಗೊಂದು ಆಂಟಿವೈರಸ್ ಓಡಿಸುವ ಭಾರವೂ ಇಲ್ಲ.

ಕಡಲ ಕರೆಯ ಧೂಳು

ಇನ್ನೊಂದು ಕಾರಣ ನಮ್ಮ ಊರಿನ ಹವೆಯದು. ಪ್ರೊಸೆಸರ್ ಮಿತಿಮೀರಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹಲವು ಪ್ರೊಸೆಸರ್‌ಗಳಲ್ಲಿ ಆ ಮಿತಿ 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ. ವರ್ಚುವಲ್ ಮಷೀನ್ ಓಡುವಾಗ ಪ್ರೊಸೆಸರ್‌ಗೆ ಬಿಡುವು ಕಡಿಮೆ, ಬಿಸಿ ಹೆಚ್ಚು. ಕಾಪುವಿನಂಥ ಕಡಲ ಬದಿಯಲ್ಲಿ ರಸ್ತೆಯ ಧೂಳಿಗೆ ತೇವ ಸೇರಿ, ಹೀಟ್‌ಸಿಂಕ್‌ನ ಸೀಳುಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ. ಉಪ್ಪಿನ ಗಾಳಿ ಲೋಹದ ಸಂಪರ್ಕಗಳನ್ನೂ ಮೆಲ್ಲಗೆ ತಿನ್ನುತ್ತದೆ.

ನಿಮ್ಮ ಚೀಟಿಯಲ್ಲಿ ಸಿಪಿಯು ಬೇಸ್ ಸ್ಪೀಡ್‌ಗಿಂತ ಬಹಳ ಕೆಳಗೆ ಓಡುತ್ತಿದ್ದರೆ ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಒಣ ಬ್ರಷ್ ಮತ್ತು ಬ್ಲೋವರ್‌ನಿಂದ ಶುಚಿ ಮಾಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್‌ನ ರೆಕ್ಕೆ ತಿರುಗದಂತೆ ಬೆರಳಿಟ್ಟುಕೊಳ್ಳಿ. ಕಂಪ್ಯೂಟರ್ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಕೂಡ ಬದಲಾಯಿಸಲಿ. ಕಡಲ ಬದಿಯ ಅಂಗಡಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಸೀಸನ್ ಆರಂಭವಾಗುವ ಮುಂಚೆ ಒಮ್ಮೆ ಈ ಶುಚಿ ಆಗುವುದು ಒಳ್ಳೆಯದು. ಲ್ಯಾಪ್‌ಟಾಪ್ ಬಳಸುವವರು ಇನ್ನೊಂದನ್ನೂ ಗಮನಿಸಬೇಕು: ಕರೆಂಟ್ ಹೋಗಿ ಬ್ಯಾಟರಿಗೆ ಬಂದ ಕೂಡಲೇ ಅನೇಕ ಲ್ಯಾಪ್‌ಟಾಪ್‌ಗಳು ವೇಗ ತಗ್ಗಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ನಲ್ಲಿರಲಿ.

ದುಡ್ಡು ಹಾಕುವುದಾದರೆ ಎಲ್ಲಿಗೆ?

ಇದೆಲ್ಲ ಆದ ಮೇಲೆ ಟಾಸ್ಕ್ ಮ್ಯಾನೇಜರ್ ಮತ್ತೆ ತೆರೆದು ಹೊಸ ಚೀಟಿ ಬರೆಯಿರಿ. ಎಕ್ಸ್‌ಪಿ, ವಾಟ್ಸಾಪ್, ಬ್ರೌಸರ್ ಮೂರೂ ಓಡುವಾಗ ಅವೈಲಬಲ್ ಮೆಮರಿ 1.5 ಜಿಬಿಗಿಂತ ಮೇಲಿದ್ದರೆ ಒಂದು ರೂಪಾಯಿಯ ಖರ್ಚೂ ಬೇಡ. ಮಗನ ಉಬುಂಟು ಓಡುವಾಗ ಮಾತ್ರ ಕಡಿಮೆಯಾಗುವುದಾದರೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿ. ಕೊಳ್ಳುವ ಮೊದಲು ಮದರ್‌ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ, ಈಗಿನದ್ದು ಡಿಡಿಆರ್4 ಅಥವಾ ಡಿಡಿಆರ್5 ಎಂಬುದನ್ನು ನೋಡಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಂದೇ ಅಳತೆಯ ಎರಡು ಕಡ್ಡಿಗಳಿದ್ದರೆ ಎರಡರಿಂದಲೂ ಒಟ್ಟಿಗೆ ಓದುವುದರಿಂದ ವೇಗ ಸ್ವಲ್ಪ ಹೆಚ್ಚುವುದೂ ಉಂಟು. ಎಸ್‌ಎಸ್‌ಡಿಯಲ್ಲಿ ಜಾಗ ಸಾಲದಿದ್ದರೆ ಎರಡನೆಯ ಆದ್ಯತೆ ದೊಡ್ಡ ಎಸ್‌ಎಸ್‌ಡಿಗೆ. ಪ್ರೊಸೆಸರ್ ಬದಲಾವಣೆ, ಹೊಸ ಕಂಪ್ಯೂಟರ್ ಇವೆಲ್ಲ ಆಮೇಲಿನ ಮಾತು. ನೀವು ಇನ್ನೊಂದು 8 ಜಿಬಿಯ ಕಂಪ್ಯೂಟರನ್ನೇ ತಂದು ಹಳೆಯ ಹಂಚಿಕೆಯನ್ನೇ ಮುಂದುವರಿಸಿದ್ದರೆ ಅದೂ ಹೀಗೆಯೇ ತೆವಳುತ್ತಿತ್ತು.

ಎಕ್ಸ್‌ಪಿಯಿಂದ ಹೊರಗೆ ಬರುವ ದಾರಿ

ನೀವು ಕೇಳದಿದ್ದರೂ ಇದನ್ನು ಹೇಳದೆ ಉತ್ತರ ಮುಗಿಸಲಾರೆ. ಈ ವರ್ಚುವಲ್ ಮಷೀನ್ ನಿಮಗೆ ಬೇಕಾಗಿರುವುದಾದರೂ ಏಕೆ? ವಿಂಡೋಸ್ 11 ಕೇವಲ 64-ಬಿಟ್ ವ್ಯವಸ್ಥೆ. ಹಳೆಯ 16-ಬಿಟ್ ಪ್ರೋಗ್ರಾಮ್‌ಗಳಾಗಲಿ, ತಂತ್ರಾಂಶದ ಕೀಲಿಯಾದ ಡಾಂಗಲ್ ಅನ್ನು ನಡೆಸುವ 32-ಬಿಟ್ ಡ್ರೈವರ್‌ಗಳಾಗಲಿ ಅದರಲ್ಲಿ ಓಡುವುದಿಲ್ಲ. ಹಳೆಯ ಫಾಂಟ್‌ಗಳಾದರೋ ಕನ್ನಡದ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿದವು. ಫಾಂಟ್ ಇರುವವರೆಗೆ ಮಾತ್ರ ಅದು ಕನ್ನಡ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನಿಮ್ಮ ಡಿಸ್ಕ್‌ನಲ್ಲಿರುವ ದೈವಸ್ಥಾನಗಳ ಆಮಂತ್ರಣ, ಯಕ್ಷಗಾನ ಮೇಳಗಳ ಹ್ಯಾಂಡ್‌ಬಿಲ್, ಶಾಲೆಗಳ ಸ್ಮರಣ ಸಂಚಿಕೆ ಇವೆಲ್ಲ ಊರಿನ ಚರಿತ್ರೆಯ ದಾಖಲೆಗಳು. ಎಷ್ಟೋ ಕಾರ್ಯಕ್ರಮಗಳಿಗೆ ಇವುಗಳ ಹೊರತು ಬೇರೆ ಬರಹದ ಸಾಕ್ಷ್ಯವೇ ಉಳಿದಿರುವುದಿಲ್ಲ. ಅವು ಒಂದು ಮುದಿ ವ್ಯವಸ್ಥೆಯ ಒಳಗೆ ಸಿಕ್ಕಿಕೊಂಡಿರಬಾರದು.

ಹೊರಬರುವ ದಾರಿ ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ವ್ಯವಸ್ಥೆ. ಅದಕ್ಕೆ ಬರಲು ನಿಮ್ಮ ಬೆರಳುಗಳು ಹೊಸತೇನನ್ನೂ ಕಲಿಯಬೇಕಿಲ್ಲ. ನೀವು ಕನ್ನಡ ಟೈಪ್ ಮಾಡುವುದು ನುಡಿ ತಂತ್ರಾಂಶದಲ್ಲಾದರೆ, ಅದರ ಕೀಲಿಮಣೆ ವಿನ್ಯಾಸ ನಮ್ಮ ಕರಾವಳಿಯವರೇ ಆದ ನಾಡೋಜ ಕೆ.ಪಿ. ರಾವ್ ಅವರು ರೂಪಿಸಿದ್ದರಿಂದ ಬಂದದ್ದು. ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸವೂ ಅದೇ. ನುಡಿಯ ಯೂನಿಕೋಡ್ ಆವೃತ್ತಿಯಲ್ಲೂ, ಮಗ ಬಳಸುವ ಲಿನಕ್ಸ್‌ನಲ್ಲೂ ಅದು ಲಭ್ಯ. ಬೆರಳು ಒತ್ತುವ ಕೀ ಒಂದೇ, ಕಂಪ್ಯೂಟರ್ ಉಳಿಸಿಕೊಳ್ಳುವ ಸಂಕೇತ ಮಾತ್ರ ಬೇರೆ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಇದೆ. ಉಚಿತವೇ ಬೇಕೆಂದರೆ ಸ್ಕ್ರೈಬಸ್ ಇದೆ, ಅದರ 1.5ರ ಸರಣಿಯಿಂದ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಹಳೆಯ ಪೇಜ್‌ಮೇಕರ್ ಕಡತಗಳನ್ನು ನೋಡಲು ಲಿಬ್ರೆಆಫೀಸ್‌ನ ಡ್ರಾ ಬಳಸಿ ನೋಡಬಹುದು. ವಿನ್ಯಾಸ ಅಲ್ಲಲ್ಲಿ ಅಲುಗಿದರೂ ಪಠ್ಯ ಕೈಗೆ ಸಿಗುತ್ತದೆ.

ಎಲ್ಲವನ್ನೂ ಒಮ್ಮೆಲೇ ಬದಲಿಸಲು ಹೋಗಬೇಡಿ. ಸೀಸನ್‌ನಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಕೆಲಸ ಕಡಿಮೆಯಿರುವಾಗ, ವರ್ಷವರ್ಷವೂ ಮತ್ತೆ ಬರುವ ಜಾಬ್‌ಗಳಿಂದ ಆರಂಭಿಸಿ. ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು ಒಮ್ಮೆ ಕಣ್ಣಿಟ್ಟು ಓದಿ. ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳು ತಪ್ಪುವುದು ಹೆಚ್ಚು. ಹೊಸದಾಗಿ ಬರುವ ಕೆಲಸವನ್ನು ಯೂನಿಕೋಡ್‌ನಲ್ಲೇ ಮಾಡಿ. ಉಳಿದದ್ದಕ್ಕೆ ಎಕ್ಸ್‌ಪಿ ಇದ್ದೇ ಇದೆ.

ಕೊನೆಗೆ, ಮಾಡುವ ಕ್ರಮ. ಮೊದಲು ಎಕ್ಸ್‌ಪಿಯ ನಕಲು ತೆಗೆಯಿರಿ. ಟಾಸ್ಕ್ ಮ್ಯಾನೇಜರ್ ಚೀಟಿ ಬರೆಯಿರಿ. ರ‍್ಯಾಮ್ 1 ಜಿಬಿಗೆ, ಕೋರ್ ಒಂದಕ್ಕೆ ಇಳಿಸಿ. ಆಮೆಯನ್ನು ನೋಡಿ, ಮಗನ ಜತೆ ಕುಳಿತು ಡಾಕರ್‌ನ ಜಾಗ ಬದಲಿಸಿ. ಮಷೀನನ್ನು ಎಸ್‌ಎಸ್‌ಡಿಗೆ ತನ್ನಿ. ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಅದೇ ಆಮಂತ್ರಣದ ಅದೇ ಪುಟವನ್ನು ತೆರೆದು ವೇಗ ನೋಡಿ. ಆಗ ಯಾವುದರಿಂದ ಗುಣವಾಯಿತೆಂದು ನಿಮಗೇ ತಿಳಿಯುತ್ತದೆ, ಮುಂದಿನ ಸಲ ಯಾರನ್ನೂ ಕೇಳಬೇಕಾಗುವುದಿಲ್ಲ. ನಿಮ್ಮ ಬಳಿ ಇರುವುದು ಈ ಕೆಲಸಕ್ಕೆ ಸಾಕಾಗುವ ಕಂಪ್ಯೂಟರ್.